ಮಿಡಿಯುವ ಕೋಶಗಳ ಜೊತೆಗಿದ್ದು ಕಲಿತದ್ದು

ಹೃದಯದ ಸ್ನಾಯುಕೋಶಗಳನ್ನು ಆಕರಕೋಶಗಳಿಂದ, ಅಂದರೆ ಎಲ್ಲರೂ ಸ್ಟೆಮ್ ಸೆಲ್ ಎನ್ನುವ ಕೋಶಗಳಿಂದ, ಬೆಳೆಸುವುದು ನನ್ನ ಕಸುಬು. ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ರೋಗಿಯ ರಕ್ತದ ಮಾದರಿಯಿಂದ ಹಿಡಿದು ಡಿಶ್‌ನಲ್ಲಿ ಮಿಡಿಯುವ ಸ್ನಾಯುವಿನವರೆಗೆ ಪ್ರತಿ ಹಂತವನ್ನೂ ಕೈಯಾರೆ ಮಾಡುತ್ತ ಬಂದವಳು ನಾನು. ಹೊಸದಾಗಿ ಸೇರುವ ವಿದ್ಯಾರ್ಥಿಗಳಿಗೆ ಹೇಳುವ ಮಾತುಗಳನ್ನೂ, ಹೃದ್ರೋಗಿಗಳ ಮನೆಯವರು ಕೇಳಿದಾಗ ಕೊಡುವ ಉತ್ತರಗಳನ್ನೂ ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಎರಡರ ಹಿಂದೆಯೂ ಒಂದೇ ನಂಬಿಕೆಯಿದೆ. ಭ್ರೂಣವು ಹೃದಯವನ್ನು ಕಟ್ಟುವ ಬಗೆಯನ್ನು ತಾಳ್ಮೆಯಿಂದ ಓದಿದವರು ರಿಪೇರಿಯ ದಾರಿಯಲ್ಲಿ ಒಂದಿಷ್ಟು ಮುಂದೆ ಹೋಗಿದ್ದಾರೆ. ಅದನ್ನು ಬದಿಗಿಟ್ಟು ನೇರವಾಗಿ ರಿಪೇರಿಗೆ ಇಳಿದವರು ರೋಗಿಗಳ ವರ್ಷಗಳನ್ನು ಕಳೆದಿದ್ದಾರೆ.

1. ಹೃದಯ ಒಂದೇ ಮೂಲದಿಂದ ಹುಟ್ಟುವುದಿಲ್ಲ

ಗರ್ಭದಲ್ಲಿ ಮೊದಲು ಕೆಲಸ ಶುರುಮಾಡುವ ಅಂಗ ಹೃದಯ. ಗರ್ಭಧಾರಣೆಯಾದ ಸುಮಾರು 22ನೇ ದಿನಕ್ಕೆ ಅದು ಮಿಡಿಯತೊಡಗುತ್ತದೆ. ಎಷ್ಟೋ ತಾಯಂದಿರಿಗೆ ಆಗ ತಾವು ಬಸಿರಿ ಎಂಬುದೂ ಗೊತ್ತಿರುವುದಿಲ್ಲ. ಆ ಹೊತ್ತಿಗೆ ಅದು ಬರೀ ಒಂದು ಕೊಳವೆ. ಭ್ರೂಣದ ನಡುಪದರದಿಂದ ಹೊರಟ ಕೋಶಗಳು ಮುಂಭಾಗಕ್ಕೆ ಸರಿದು, ಅರ್ಧಚಂದ್ರದಂತೆ ನೆರೆದು, ಆಮೇಲೆ ಕೂಡಿಕೊಂಡು ಈ ಕೊಳವೆಯಾಗಿರುತ್ತವೆ.

ಇಡೀ ಹೃದಯ ಈ ಕೊಳವೆಯಿಂದಲೇ ಬೆಳೆಯುತ್ತದೆ ಎಂದು ಬಹುಕಾಲ ನಂಬಿದ್ದರು. 2001ರಲ್ಲಿ ಕೋಳಿ ಮತ್ತು ಇಲಿಯ ಭ್ರೂಣಗಳ ಮೇಲೆ ಕೆಲಸ ಮಾಡುತ್ತಿದ್ದ ಮೂರು ಗುಂಪುಗಳು ಬೇರೆಬೇರೆಯಾಗಿ ಒಂದೇ ಸಂಗತಿಯನ್ನು ಕಂಡವು. ಕೊಳವೆಯ ಹಿಂದೆ ಇನ್ನೊಂದು ಕೋಶಸಮೂಹವಿದೆ, ಅದು ತಡವಾಗಿ ಬಂದು ಸೇರಿಕೊಳ್ಳುತ್ತದೆ. ಎಡ ಹೃತ್ಕುಕ್ಷಿ ಹೆಚ್ಚಾಗಿ ಮೊದಲ ಸಮೂಹದ್ದು. ಬಲ ಹೃತ್ಕುಕ್ಷಿ ಮತ್ತು ರಕ್ತ ಹೊರಹೋಗುವ ದಾರಿ ಎರಡನೆಯದ್ದು. ಇಷ್ಟಕ್ಕೇ ಮುಗಿಯಲಿಲ್ಲ. ಮಹಾಪಧಮನಿಯನ್ನೂ ಶ್ವಾಸಕೋಶಕ್ಕೆ ಹೋಗುವ ಅಪಧಮನಿಯನ್ನೂ ಬೇರ್ಪಡಿಸುವ ಗೋಡೆ ಕಟ್ಟಲು ನರಮಂಡಲದ ಅಂಚಿನಿಂದ ಕೋಶಗಳು ನಡೆದು ಬರುತ್ತವೆ. ಮಾರ್ಗರೆಟ್ ಕರ್ಬಿ 1983ರಲ್ಲಿ ಕೋಳಿಯ ಭ್ರೂಣದಿಂದ ಆ ಅಂಚನ್ನು ತೆಗೆದು ನೋಡಿದರು. ಎರಡು ನಾಳಗಳು ಬೇರ್ಪಡದೆ ಒಂದೇ ಆಗಿ ಉಳಿದವು. ಹೃದಯದ ಹೊರಕವಚದ ಕೋಶಗಳು ಬರುವುದು ಮತ್ತೊಂದು ಕಡೆಯಿಂದ. ಅವು ಒಳಕ್ಕೆ ಇಳಿದು ನಾರುಕೋಶಗಳಾಗುತ್ತವೆ, ಹೃದಯದ ರಕ್ತನಾಳಗಳ ಸ್ನಾಯುವಾಗುತ್ತವೆ.

ಆದ್ದರಿಂದ “ಹೃದಯದ ಆಕರಕೋಶ” ಎಂದು ಯಾರಾದರೂ ಏಕವಚನದಲ್ಲಿ ಮಾತಾಡಿದರೆ ನಾನು ತಡೆದು ಕೇಳುತ್ತೇನೆ: ಯಾವ ಭಾಗದ್ದು, ಯಾವ ದಿನದ್ದು? ಹೃದಯಾಘಾತದಲ್ಲಿ ಸಾಯುವುದು ಸ್ನಾಯುಕೋಶ ಮಾತ್ರವಲ್ಲ. ಅದಕ್ಕೆ ರಕ್ತ ಕೊಡುವ ನಾಳ, ಹಿಡಿದಿಡುವ ಹಂದರ ಎಲ್ಲವೂ ಹೋಗುತ್ತವೆ. ಸ್ನಾಯುವನ್ನಷ್ಟೇ ಮರಳಿ ಕೊಟ್ಟರೆ ಅದು ಹಸಿದು ಸಾಯುತ್ತದೆ.

2. ಯಾವ ಸಂಕೇತ ಎಂಬುದಕ್ಕಿಂತ ಯಾವಾಗ ಎಂಬುದು ದೊಡ್ಡದು

ನಾವು ಬಳಸುವುದು ಐಪಿಎಸ್ ಕೋಶಗಳನ್ನು. ಕ್ಯೋಟೊದ ಶಿನ್ಯಾ ಯಮನಾಕ 2006ರಲ್ಲಿ ಇಲಿಯ ಕೋಶಗಳಲ್ಲಿ, 2007ರಲ್ಲಿ ಮನುಷ್ಯರ ಚರ್ಮದ ಕೋಶಗಳಲ್ಲಿ ನಾಲ್ಕು ಜೀನ್‌ಗಳನ್ನು ಸೇರಿಸಿ ಅವನ್ನು ಭ್ರೂಣದ ಆರಂಭದ ಸ್ಥಿತಿಗೆ ಹಿಂದಿರುಗಿಸಿದರು. ಆ ಕೋಶ ಏನು ಬೇಕಾದರೂ ಆಗಬಲ್ಲದು. ಈ ಕೆಲಸಕ್ಕೆ 2012ರಲ್ಲಿ ಜಾನ್ ಗರ್ಡನ್ ಅವರೊಡನೆ ನೊಬೆಲ್ ಸಂದಿತು. ಈಗ ನಾವು ಚರ್ಮ ಕತ್ತರಿಸುವುದೂ ಇಲ್ಲ, ಕೆಲವೇ ಮಿಲಿಲೀಟರ್ ರಕ್ತ ಸಾಕು.

ಏನು ಬೇಕಾದರೂ ಆಗಬಲ್ಲ ಕೋಶವನ್ನು ಹೃದಯವೇ ಆಗು ಎಂದು ಒಪ್ಪಿಸುವುದು ಹೇಗೆ? ಇಲ್ಲಿ ಗುರು ಭ್ರೂಣವೇ. ವಿಂಟ್ ಎಂಬ ಸಂಕೇತದ ಸರಣಿಯೊಂದಿದೆ. ನಡುಪದರ ರೂಪುಗೊಳ್ಳುವಾಗ ಅದು ಬೇಕೇ ಬೇಕು. ಹೃದಯದ ಕೋಶಗಳು ತಮ್ಮ ದಾರಿ ಹಿಡಿಯುವಾಗ ಅದೇ ಸಂಕೇತ ಅಡ್ಡಿ. ಭ್ರೂಣದಲ್ಲಿ ನೆರೆಯ ಪದರದ ಕೋಶಗಳು ಅದನ್ನು ಅದುಮುವ ಪ್ರೋಟೀನ್‌ಗಳನ್ನು ಸೂಸುತ್ತವೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಶಾನ್ ಪಾಲೆಸೆಕ್ ಅವರ ಗುಂಪು 2012ರಲ್ಲಿ ಇದನ್ನೇ ಎರಡು ಸಣ್ಣ ರಾಸಾಯನಿಕಗಳಿಂದ ಮಾಡಿ ತೋರಿಸಿತು. ಮೊದಲ ದಿನ ವಿಂಟ್ ಏರಿಸುವ ಒಂದು ಔಷಧಿ, ಮೂರು ದಿನ ಕಳೆದ ಮೇಲೆ ಅದನ್ನು ತಡೆಯುವ ಇನ್ನೊಂದು. ಎಂಟರಿಂದ ಹನ್ನೆರಡನೆಯ ದಿನದೊಳಗೆ ಡಿಶ್‌ನ ತಳ ಮಿಡಿಯಲು ತೊಡಗುತ್ತದೆ. ಜಗತ್ತಿನ ಬಹುಪಾಲು ಲ್ಯಾಬ್‌ಗಳು ಇಂದು ನಡೆಸುವುದು ಈ ವಿಧಾನದ ಒಂದಲ್ಲ ಒಂದು ರೂಪವನ್ನೇ.

ಬರೆದಿಟ್ಟರೆ ನಾಲ್ಕು ಸಾಲು. ಮಾಡಲು ಕೂತಾಗ ವಿಷಯ ಬೇರೆ. ಒಬ್ಬ ರೋಗಿಯ ಕೋಶಕ್ಕೆ ಸರಿಹೊಂದಿದ ಪ್ರಮಾಣ ಇನ್ನೊಬ್ಬರದ್ದಕ್ಕೆ ಹೊಂದುವುದಿಲ್ಲ. ಶುರುವಿನ ದಿನ ಕೋಶಗಳು ವಿರಳವಾಗಿದ್ದರೆ ಔಷಧಿಗೆ ಸಾಯುತ್ತವೆ, ಒತ್ತೊತ್ತಾಗಿದ್ದರೆ ಮಾತು ಕೇಳುವುದಿಲ್ಲ. ಪ್ರತಿ ಹೊಸ ಲೈನ್, ಅಂದರೆ ಒಬ್ಬ ರೋಗಿಯಿಂದ ಬೆಳೆಸಿದ ಕೋಶಗಳ ಸಂತತಿ, ಬಂದಾಗಲೂ ಹನ್ನೆರಡು ಗುಳಿಯ ಪ್ಲೇಟಿನಲ್ಲಿ ಕೋಶಸಂಖ್ಯೆ ಒಂದು ದಿಕ್ಕಿಗೆ, ಔಷಧಿಯ ಪ್ರಮಾಣ ಇನ್ನೊಂದು ದಿಕ್ಕಿಗೆ ಬದಲಿಸಿ ಪರೀಕ್ಷೆ ಮಾಡಿಸುತ್ತೇನೆ. ಅವಸರದ ವಿದ್ಯಾರ್ಥಿಗಳಿಗೆ ಇದು ಬೇಸರದ ಕೆಲಸ. ಆದರೆ ಆ ಪ್ಲೇಟನ್ನು ಗಮನವಿಟ್ಟು ನೋಡಿದವರಿಗೆ ಭ್ರೂಣದಲ್ಲಿ ಕೆಲವೇ ಗಂಟೆಗಳ ಹೆಚ್ಚುಕಡಿಮೆ ಎಂಥ ವ್ಯತ್ಯಾಸ ತರಬಹುದು ಎಂಬುದು ಅರ್ಥವಾಗುತ್ತದೆ. ಹುಟ್ಟುವಾಗಲೇ ಹೃದಯದಲ್ಲಿ ದೋಷವಿರುವ ಮಕ್ಕಳು ನೂರಕ್ಕೆ ಒಬ್ಬರಂತೆ ಏಕಿದ್ದಾರೆ ಎಂಬ ಪ್ರಶ್ನೆ ಆಗ ಪುಸ್ತಕದ ಪ್ರಶ್ನೆಯಾಗಿ ಉಳಿಯುವುದಿಲ್ಲ.

3. ಮಿಡಿತ ಕಂಡರೆ ಸಾಲದು

ಮೊದಲ ಮಿಡಿತ ಕಂಡ ದಿನ ಎಲ್ಲರೂ ಮೈಕ್ರೋಸ್ಕೋಪಿನ ಸುತ್ತ ಸೇರುತ್ತಾರೆ, ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳುತ್ತಾರೆ. ಆ ಸಂಭ್ರಮ ನನಗೆ ಇಂದಿಗೂ ಕಡಿಮೆಯಾಗಿಲ್ಲ. ಆದರೆ ಒಂದು ಮೂಲೆ ಮಿಡಿದರೆ ಇಡೀ ಡಿಶ್ ಹೃದಯವಾಗಲಿಲ್ಲ. ನೂರರಲ್ಲಿ ಎಷ್ಟು ಕೋಶಗಳಲ್ಲಿ ಟ್ರೋಪೋನಿನ್ ಇದೆ ಎಂದು ಫ್ಲೋ ಸೈಟೋಮೀಟರಿನಲ್ಲಿ ಎಣಿಸಿದ ಮೇಲೆಯೇ ಮಾತು. ಆಸ್ಪತ್ರೆಯಲ್ಲಿ ಎದೆನೋವೆಂದು ಹೋದಾಗ ರಕ್ತದಲ್ಲಿ ಹುಡುಕುತ್ತಾರಲ್ಲ, ಅದೇ ಟ್ರೋಪೋನಿನ್. ಬೇಡದ ಕೋಶಗಳನ್ನು ಕಳೆಯಲು ಜಪಾನಿನ ಕೇಯೊ ವಿಶ್ವವಿದ್ಯಾಲಯದವರು 2013ರಲ್ಲಿ ಕೊಟ್ಟ ಉಪಾಯ ಸೊಗಸಾದದ್ದು: ಕೋಶ ಬೆಳೆಸುವ ದ್ರವದಿಂದ ಗ್ಲೂಕೋಸ್ ತೆಗೆದು ಲ್ಯಾಕ್ಟೇಟ್ ಕೊಡಿ. ಹೃದಯದ ಕೋಶ ಅದನ್ನೂ ಉಂಡು ಬದುಕುತ್ತದೆ, ಉಳಿದವು ಸಾಯುತ್ತವೆ.

ಶುದ್ಧವಾದ ಮೇಲೂ ಉಳಿಯುವ ಕೊರತೆ ಎಳಸುತನದ್ದು. ವಯಸ್ಕರ ಹೃತ್ಕುಕ್ಷಿಯ ಕೋಶ ಉದ್ದನೆಯ ಸರಳಿನಂತಿರುತ್ತದೆ, ಕೊಬ್ಬನ್ನು ಉರಿಸಿ ಶಕ್ತಿ ಪಡೆಯುತ್ತದೆ, ಮೇಲಿಂದ ಆಜ್ಞೆ ಬಂದಾಗಲಷ್ಟೇ ಸಂಕುಚಿಸುತ್ತದೆ. ನಮ್ಮದು ದುಂಡಗೆ, ಸಕ್ಕರೆ ತಿನ್ನುತ್ತ, ತನ್ನಷ್ಟಕ್ಕೆ ತಾನೇ ಮಿಡಿಯುತ್ತಿರುತ್ತದೆ. ವಿದ್ಯುತ್ ಸಂಕೇತವನ್ನು ಕೋಶದ ಆಳಕ್ಕೆ ಒಯ್ಯುವ ಸೂಕ್ಷ್ಮ ಕೊಳವೆಗಳು ಅದರಲ್ಲಿ ಇನ್ನೂ ಮೂಡಿರುವುದಿಲ್ಲ. ಒಟ್ಟಿನಲ್ಲಿ ಅದು ಗರ್ಭದ ಮಗುವಿನ ಹೃದಯದ ಕೋಶ. ಕೊಬ್ಬಿನಾಮ್ಲ, ಥೈರಾಯ್ಡ್ ಹಾರ್ಮೋನ್, ದಿನದಿಂದ ದಿನಕ್ಕೆ ವೇಗ ಹೆಚ್ಚಿಸುವ ವಿದ್ಯುತ್ ಪ್ರಚೋದನೆ ಇವುಗಳಿಂದ ಅದನ್ನು ಬಲಿಸಬಹುದು. ಕೊಲಂಬಿಯಾ ವಿಶ್ವವಿದ್ಯಾಲಯದ ಗುಂಪು 2018ರಲ್ಲಿ ಈ ವಿದ್ಯುತ್ ವ್ಯಾಯಾಮವನ್ನು ಬಹಳ ದೂರ ಒಯ್ದಿತು. ಆದರೂ ನಲವತ್ತು ವರ್ಷದ ಹೃದಯಕ್ಕೆ ಸಮನಾದ ಕೋಶವನ್ನು ಯಾರೂ ಡಿಶ್‌ನಲ್ಲಿ ಬೆಳೆಸಿಲ್ಲ. ಮುಂದೆ ಏಳನೆಯ ಪಾಠದಲ್ಲಿ ಬರುವ ಅಪಾಯದ ಬೇರು ಇಲ್ಲೇ ಇದೆ.

4. ವರ್ಣತಂತು ನೋಡದೆ ಮುಂದಕ್ಕೆ ಹೋಗಬೇಡಿ

ಚಿಕ್ಕ ಪಾಠ, ಆದರೆ ಬಿಡುವಂತಿಲ್ಲ. ಆಕರಕೋಶಗಳನ್ನು ತಿಂಗಳುಗಟ್ಟಲೆ ಬೆಳೆಸುತ್ತ ಹೋದರೆ ಬೇಗ ಬೆಳೆಯುವ ರೂಪಾಂತರಗಳು ಮೇಲುಗೈ ಸಾಧಿಸುತ್ತವೆ. 20ನೇ ವರ್ಣತಂತುವಿನ ಒಂದು ತುಣುಕು ಹೆಚ್ಚಾಗುವುದು ಅವುಗಳಲ್ಲಿ ಪದೇ ಪದೇ ಕಾಣುವಂಥದ್ದು. ಕೋಶ ನೋಡಲು ಲಕ್ಷಣವಾಗಿಯೇ ಇರುತ್ತದೆ. ಇನ್ನು ಬದಲಾಗದೆ ಉಳಿದ ಆಕರಕೋಶಗಳು ದೇಹಕ್ಕೆ ಹೋದರೆ ಟೆರಾಟೋಮ ಎಂಬ ಗಡ್ಡೆಯಾಗಬಲ್ಲವು. ಮೈಕೋಪ್ಲಾಸ್ಮಾ ಎಂಬ ಸೂಕ್ಷ್ಮಾಣುವಿನ ಪರೀಕ್ಷೆ, ವರ್ಣತಂತು ಪರೀಕ್ಷೆ ಎರಡನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಮಾಡಿ.

5. ಹೊಸ ಸ್ನಾಯು ಎಲ್ಲಿಂದ ಬಂತು ಎಂದು ಕೇಳಿ

ನನ್ನ ಇಡೀ ವೃತ್ತಿಯಲ್ಲಿ ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದ ಪ್ರಶ್ನೆ ಇನ್ನೊಂದಿಲ್ಲ.

ಜೀಬ್ರಾಫಿಶ್ ದಕ್ಷಿಣ ಏಷ್ಯಾದ ಗದ್ದೆ, ತೊರೆಗಳ ಪುಟ್ಟ ಮೀನು. 2002ರಲ್ಲಿ ಕೆನೆತ್ ಪಾಸ್ ಮತ್ತು ಸಂಗಡಿಗರು ಅದರ ಹೃತ್ಕುಕ್ಷಿಯ ಸುಮಾರು ಶೇ 20 ಭಾಗವನ್ನು ಕತ್ತರಿಸಿ ತೆಗೆದರು. ಎರಡು ತಿಂಗಳಲ್ಲಿ ಅದು ಕಲೆಯಿಲ್ಲದೆ ಮರಳಿ ಬೆಳೆಯಿತು. ಆಗ ಹಲವರ ಊಹೆ, ಅಲ್ಲೆಲ್ಲೋ ಅಡಗಿದ್ದ ಆಕರಕೋಶಗಳು ಎದ್ದು ಬಂದಿರಬೇಕು ಎಂಬುದು. 2010ರಲ್ಲಿ ಎರಡು ಗುಂಪುಗಳು ಸ್ನಾಯುಕೋಶಗಳಿಗೆ ಅಳಿಸಲಾಗದ ಬಣ್ಣದ ಗುರುತು ಹಾಕಿ ಹಿಂಬಾಲಿಸಿದವು. ಗಾಯದಲ್ಲಿ ಬೆಳೆದ ಹೊಸ ಸ್ನಾಯುವಿನಲ್ಲಿ ಅದೇ ಗುರುತು ಕಂಡಿತು. ಇದ್ದ ಸ್ನಾಯುಕೋಶಗಳೇ ತಮ್ಮ ಬಿಗಿಯನ್ನು ಸಡಿಲಿಸಿಕೊಂಡು, ಮತ್ತೆ ಎಳೆಯವಾಗಿ, ವಿಭಜನೆಗೊಂಡಿದ್ದವು.

ಹುಟ್ಟಿದ ಮಾರನೆಯ ದಿನದ ಇಲಿಮರಿಯೂ ಇದನ್ನು ಮಾಡಬಲ್ಲದು ಎಂದು 2011ರಲ್ಲಿ ಟೆಕ್ಸಾಸಿನ ಹೇಶಮ್ ಸಾದೆಕ್ ಮತ್ತು ಎನ್ಜೊ ಪೊರೆಲ್ಲೊ ತೋರಿಸಿದರು. ಏಳು ದಿನ ತುಂಬುವಷ್ಟರಲ್ಲಿ ಆ ಶಕ್ತಿ ಹೋಗಿರುತ್ತದೆ, ಗಾಯವಾದಲ್ಲಿ ಕಲೆ ಬೀಳುತ್ತದೆ. ಗರ್ಭದಿಂದ ಹೊರಬಂದು ಉಸಿರೆಳೆದಾಗ ಏರುವ ಆಮ್ಲಜನಕ, ಬದಲಾಗುವ ಆಹಾರ, ಹಾರ್ಮೋನುಗಳು, ಕೋಶದೊಳಗೆ ಇಮ್ಮಡಿಯಾಗುವ ವರ್ಣತಂತುಗಳು ಇವೆಲ್ಲ ಆ ಬಾಗಿಲು ಮುಚ್ಚುವುದರಲ್ಲಿ ಪಾಲುದಾರರು.

ಮನುಷ್ಯರಲ್ಲಿ ಇದನ್ನು ಅಳೆಯುವುದು ಹೇಗೆ? ಸ್ಟಾಕ್‌ಹೋಮಿನ ಯೋನಸ್ ಫ್ರಿಸೆನ್ ಅವರ ಗುಂಪು ಹಿಡಿದ ದಾರಿ ನನಗೆ ಜೀವವಿಜ್ಞಾನದ ಅತಿ ಸುಂದರ ಅಳತೆಗಳಲ್ಲಿ ಒಂದಾಗಿ ಕಾಣುತ್ತದೆ. 1963ರ ಒಪ್ಪಂದಕ್ಕೆ ಮುಂಚೆ ದೊಡ್ಡ ದೇಶಗಳು ಬಯಲಲ್ಲೇ ನಡೆಸಿದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಹೆಚ್ಚಿತು, ಆಮೇಲೆ ವರ್ಷ ವರ್ಷ ಇಳಿಯುತ್ತ ಬಂತು. ಗಿಡದ ಮೂಲಕ, ಊಟದ ಮೂಲಕ ಅದು ನಮ್ಮ ಮೈಸೇರಿತು. ಕೋಶ ಹುಟ್ಟುವಾಗ ಅದರ ಡಿಎನ್‌ಎಗೆ ಆ ವರ್ಷದ ಪ್ರಮಾಣದಲ್ಲಿ ಕಾರ್ಬನ್-14 ಸೇರಿ ಹಾಗೇ ನಿಲ್ಲುತ್ತದೆ. ಸತ್ತವರ ಹೃದಯದಿಂದ ಸ್ನಾಯುಕೋಶಗಳ ಕೇಂದ್ರವನ್ನು ಬೇರ್ಪಡಿಸಿ ಅಳೆದಾಗ ಕೋಶಗಳ ಹುಟ್ಟಿದ ಕಾಲ ಗೊತ್ತಾಯಿತು. 2009ರಲ್ಲಿ ಪ್ರಕಟವಾದ ಲೆಕ್ಕ ಹೀಗಿದೆ: 25ರ ವಯಸ್ಸಿನಲ್ಲಿ ವರ್ಷಕ್ಕೆ ಸುಮಾರು ಶೇ 1, 75ಕ್ಕೆ ಶೇ 0.45ರಷ್ಟು ಸ್ನಾಯುಕೋಶಗಳು ಹೊಸದಾಗುತ್ತವೆ. ಇಡೀ ಆಯಸ್ಸಿನಲ್ಲಿ ಬದಲಾಗುವುದು ಅರ್ಧಕ್ಕಿಂತ ಕಡಿಮೆ.

ಅಂದರೆ ನಮ್ಮ ಹೃದಯಕ್ಕೆ ಹೊಸ ಕೋಶ ಹುಟ್ಟಿಸುವುದು ಪೂರ್ತಿ ಮರೆತುಹೋಗಿಲ್ಲ. ಆದರೆ ದೊಡ್ಡ ಹೃದಯಾಘಾತದಲ್ಲಿ ಕೆಲವೇ ಗಂಟೆಗಳಲ್ಲಿ ಸುಮಾರು ನೂರು ಕೋಟಿ ಸ್ನಾಯುಕೋಶಗಳು ಹೋಗುತ್ತವೆ. ಆ ನಷ್ಟದ ಮುಂದೆ ಈ ಗತಿ ಏನೇನೂ ಸಾಲದು.

6. ಅತಿ ಸಿಹಿಯಾದ ಫಲಿತಾಂಶವನ್ನು ಅತಿ ನಿಧಾನವಾಗಿ ನಂಬಿ

2001ರಲ್ಲಿ ಪಿಯೆರೊ ಅನ್ವೆರ್ಸ ಅವರ ಗುಂಪು ನೇಚರ್ ಪತ್ರಿಕೆಯಲ್ಲಿ ಬರೆದದ್ದು ಲೋಕವನ್ನೇ ಎಬ್ಬಿಸಿತು. ಮೂಳೆಮಜ್ಜೆಯ ಕೆಲವು ಕೋಶಗಳನ್ನು ಹೃದಯಾಘಾತವಾದ ಇಲಿಗೆ ಚುಚ್ಚಿದ ಒಂಬತ್ತೇ ದಿನಕ್ಕೆ ಸತ್ತ ಜಾಗದ ಶೇ 68 ಭಾಗ ಹೊಸ ಸ್ನಾಯುವಿನಿಂದ ತುಂಬಿತ್ತು ಎಂಬುದು ಅವರ ಹೇಳಿಕೆ. 2003ರಲ್ಲಿ ಹೃದಯದೊಳಗೇ ಸಿ-ಕಿಟ್ ಎಂಬ ಗುರುತಿನ ಆಕರಕೋಶಗಳಿವೆ ಎಂದರು. ರೋಗಿಗಳ ಮೇಲಿನ ಪ್ರಯೋಗಗಳು ಆಗಲೇ ಹೊರಟಿದ್ದವು.

2004ರಲ್ಲಿ ಅದೇ ನೇಚರ್‌ನಲ್ಲಿ ಎರಡು ಬೇರೆ ಲ್ಯಾಬ್‌ಗಳು ಗುರುತು ಹಾಕಿದ ಮಜ್ಜೆಕೋಶಗಳನ್ನು ಬಳಸಿ, ಅವು ಸ್ನಾಯುವಾಗುವುದಿಲ್ಲ ಎಂದು ವರದಿ ಮಾಡಿದವು. ಕೇಳಿದವರು ಕಡಿಮೆ. 2014ರಲ್ಲಿ ಸಿನ್ಸಿನಾಟಿಯ ಜೆಫ್ರಿ ಮಾಲ್ಕೆಂಟಿನ್ ಅವರ ಗುಂಪು ಸಿ-ಕಿಟ್ ಕೋಶಗಳ ವಂಶವನ್ನೇ ಇಲಿಯಲ್ಲಿ ಹಿಂಬಾಲಿಸಿತು. ಹೃದಯದ ಸ್ನಾಯುಕೋಶಗಳಲ್ಲಿ ಅವುಗಳಿಂದ ಬಂದದ್ದು ಶೇ 0.03ರಷ್ಟೂ ಇರಲಿಲ್ಲ. ಅನ್ವೆರ್ಸ ಅವರ ಗುಂಪು ಕೆಲಸ ಮಾಡಿದ್ದ ಬಾಸ್ಟನ್ನಿನ ಬ್ರಿಗಮ್ ಆಸ್ಪತ್ರೆ ಮತ್ತು ಅದರ ಮಾತೃಸಂಸ್ಥೆ 2017ರಲ್ಲಿ ಸರ್ಕಾರಕ್ಕೆ ಒಂದು ಕೋಟಿ ಡಾಲರ್ ಕೊಟ್ಟು ಆ ಗುಂಪಿನ ಸಂಶೋಧನೆಯಲ್ಲಿ ಸುಳ್ಳು ದತ್ತಾಂಶವಿದೆ ಎಂಬ ಆರೋಪದ ವ್ಯಾಜ್ಯ ತೀರಿಸಿಕೊಂಡವು. 2018ರ ಅಕ್ಟೋಬರಿನಲ್ಲಿ ಹಾರ್ವರ್ಡ್ ಮೆಡಿಕಲ್ ಸ್ಕೂಲ್ ಮತ್ತು ಬ್ರಿಗಮ್ 31 ಲೇಖನಗಳನ್ನು ಹಿಂತೆಗೆದುಕೊಳ್ಳಬೇಕೆಂದು ಪತ್ರಿಕೆಗಳಿಗೆ ತಿಳಿಸಿದವು. ಮನುಷ್ಯರ ಮೇಲೆ ನಡೆದ ಸಿಪಿಯೊ ಪ್ರಯೋಗದ ಲೇಖನವನ್ನು ಲ್ಯಾನ್ಸೆಟ್ 2019ರಲ್ಲಿ ಹಿಂಪಡೆಯಿತು.

ಇದನ್ನು ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ವಿವರವಾಗಿ ಹೇಳುತ್ತೇನೆ, ಯಾರನ್ನೋ ದೂರುವುದಕ್ಕಲ್ಲ. ಆ ಹದಿನೇಳು ವರ್ಷಗಳಲ್ಲಿ ಎಷ್ಟು ಯುವಕ ಯುವತಿಯರು ಇಲ್ಲದ ಕೋಶವನ್ನು ಹುಡುಕುತ್ತ ಪಿಎಚ್‌ಡಿ ಕಳೆದರು, ಎಷ್ಟು ರೋಗಿಗಳು ಆಸೆಯಿಂದ ಎದೆಗೆ ಸೂಜಿ ಹಾಕಿಸಿಕೊಂಡರು ಎಂಬುದನ್ನು ನೆನೆದರೆ ಸಂಕಟವಾಗುತ್ತದೆ. ಬಣ್ಣ ಹಾಕಿ ತೆಗೆದ ಚಿತ್ರದಲ್ಲಿ ಹಸಿರು ಕಂಡಿತು ಎಂಬುದು ಸಾಕ್ಷಿಯಲ್ಲ. ಸತ್ತ ಸ್ನಾಯು ತನ್ನಷ್ಟಕ್ಕೇ ಹಸಿರಾಗಿ ಹೊಳೆಯುತ್ತದೆ. ವಂಶದ ಗುರುತು ಬೇಕು, ಬೇರೆ ಊರಿನ ಬೇರೆ ಕೈಗಳೂ ಅದನ್ನೇ ಕಾಣಬೇಕು.

ಇದರ ಜೊತೆ ಇನ್ನೊಂದು ಲೇಖನವನ್ನೂ ಓದಿಸುತ್ತೇನೆ. ಲಂಡನ್ನಿನ ಗುಂಪೊಂದು 2014ರಲ್ಲಿ ಬಿಎಂಜೆಯಲ್ಲಿ ಮಜ್ಜೆಕೋಶಗಳ 49 ಪ್ರಯೋಗಗಳನ್ನು ಸಾಲಾಗಿ ಪರಿಶೀಲಿಸಿತು. ವರದಿಗಳಲ್ಲಿ ತಾಳೆಯಾಗದ ಸಂಗತಿಗಳು 600ಕ್ಕೂ ಹೆಚ್ಚು. ತಾಳೆಯಾಗದ ಸಂಗತಿ ಹೆಚ್ಚಿದ್ದಷ್ಟೂ ಹೃದಯದ ಪಂಪ್ ಶಕ್ತಿ, ಅಂದರೆ ಇಎಫ್, ಹೆಚ್ಚು ಸುಧಾರಿಸಿದಂತೆ ತೋರಿತ್ತು. ಒಂದೂ ಇಲ್ಲದ ವರದಿಗಳಲ್ಲಿ ಸುಧಾರಣೆ ಸೊನ್ನೆಯ ಆಸುಪಾಸು. ಹೃದಯಾಘಾತದ ನಂತರ ಮಜ್ಜೆಕೋಶ ಕೊಟ್ಟರೆ ಜೀವ ಉಳಿಯುತ್ತದೆಯೇ ಎಂದು ನೋಡಲು ಯುರೋಪಿನಲ್ಲಿ ಹೊರಟ ಬಾಮಿ ಪ್ರಯೋಗಕ್ಕೆ 3,000 ಮಂದಿ ಬೇಕಿತ್ತು, ಸೇರಿದ್ದು 375. 2020ರಲ್ಲಿ ಅದು ಉತ್ತರವಿಲ್ಲದೆ ಮುಗಿಯಿತು.

ಹಾಗಾದರೆ ಕೆಲವೊಮ್ಮೆ ಪ್ರಾಣಿಗಳಲ್ಲಿ ನಿಜವಾಗಿಯೂ ಕಂಡ ಸ್ವಲ್ಪ ಸುಧಾರಣೆ ಎಲ್ಲಿಂದ ಬಂತು? ಮಾಲ್ಕೆಂಟಿನ್ ಗುಂಪೇ ಇದಕ್ಕೆ ಒಂದು ಉತ್ತರ ಕೊಟ್ಟಿತು. ಇಲಿಯ ಹೃದಯಕ್ಕೆ ಜೀವಂತ ಕೋಶ ಚುಚ್ಚಿದರೂ, ಸತ್ತ ಕೋಶ ಚುಚ್ಚಿದರೂ, ಯೀಸ್ಟಿನ ಗೋಡೆಯಿಂದ ತೆಗೆದ ಜೈಮೊಸಾನ್ ಚುಚ್ಚಿದರೂ ಅದೇ ಫಲ. ಚುಚ್ಚಿದ ಜಾಗಕ್ಕೆ ಧಾವಿಸಿದ ಮ್ಯಾಕ್ರೊಫೇಜ್ ಎಂಬ ರಕ್ಷಣಾ ಕೋಶಗಳು ಕಲೆಯ ಗುಣವನ್ನು ಬದಲಿಸಿದ್ದವು. ಇದು ತಿಳಿದ ಮೇಲೆ ನನಗೆ ಉರಿಯೂತದ ಬಗ್ಗೆ ಓದುವುದು ಅನಿವಾರ್ಯವಾಯಿತು, ಅದರಿಂದ ಲಾಭವೂ ಆಯಿತು.

7. ಹೊಸ ಸ್ನಾಯು ಹಳೆಯ ತಾಳಕ್ಕೆ ಹೊಂದಬೇಕು

ನಿಜವಾದ ಸ್ನಾಯುಕೋಶಗಳನ್ನೇ ಕೊಟ್ಟರೆ? ಸಿಯಾಟಲ್‌ನ ಚಾರ್ಲ್ಸ್ ಮರಿ ಅವರ ಗುಂಪು 2014ರಲ್ಲಿ ಮನುಷ್ಯರ ಆಕರಕೋಶಗಳಿಂದ ಬೆಳೆಸಿದ ನೂರು ಕೋಟಿ ಹೃದಯಕೋಶಗಳನ್ನು ಕೋತಿಗಳ ಗಾಯಗೊಂಡ ಹೃದಯಕ್ಕೆ ಇಟ್ಟಿತು. ಈ ಸಲ ಸ್ನಾಯು ನಿಜವಾಗಿ ಬೆಳೆದಿತ್ತು. ಕೋತಿಯ ರಕ್ತನಾಳಗಳು ಒಳಕ್ಕೆ ಬಂದಿದ್ದವು, ಹೊಸದೂ ಹಳೆಯದೂ ಒಟ್ಟಿಗೆ ಮಿಡಿಯುತ್ತಿದ್ದವು. ಜೊತೆಗೆ ಕೋಶ ಪಡೆದ ಕೋತಿಗಳಲ್ಲಿ ಬಡಿತದ ಲಯ ಅಪಾಯಕಾರಿಯಾಗಿ ಕೆಟ್ಟಿತು. ಕೋಲಾಟದಲ್ಲಿ ಒಬ್ಬನೇ ಒಬ್ಬ ತನ್ನದೇ ತಾಳ ಹಿಡಿದರೆ ಇಡೀ ಸುತ್ತು ತೊಡರುವಂತೆ, ತಾನಾಗಿ ಮಿಡಿಯುವ ಎಳೆಯ ಕೋಶಗಳ ಗುಂಪೊಂದು ಇಡೀ ಹೃತ್ಕುಕ್ಷಿಯನ್ನು ತನ್ನ ಹಿಂದೆ ಎಳೆದುಕೊಂಡು ಹೋಗುತ್ತದೆ. ಕೆಲವು ವಾರಗಳಲ್ಲಿ ಕೋಶಗಳು ಬಲಿತಂತೆ ಅದು ಇಳಿಯುತ್ತದೆ. ಆದರೆ ಆ ಕೆಲವು ವಾರಗಳನ್ನು ರೋಗಿ ದಾಟಬೇಕಲ್ಲ?

ಇಲಿಯಲ್ಲಿ ಈ ತೊಂದರೆ ಕಂಡಿರಲೇ ಇಲ್ಲ. ಅದರ ಹೃದಯ ನಿಮಿಷಕ್ಕೆ 500ಕ್ಕೂ ಹೆಚ್ಚು ಸಲ ಬಡಿಯುವಾಗ ಮನುಷ್ಯಕೋಶದ ನಿಧಾನದ ತಾಳ ಅದರಡಿ ಮುಚ್ಚಿಹೋಗುತ್ತದೆ. ಸಣ್ಣ ಪ್ರಾಣಿಯಲ್ಲಿ ಸುರಕ್ಷಿತ ಎಂಬ ಮಾತನ್ನು ಹೃದಯದ ಮಟ್ಟಿಗೆ ನಾನು ಪೂರ್ತಿ ಒಪ್ಪದಿರುವುದು ಇದಕ್ಕೇ.

ಮರಿ ಅವರ ಗುಂಪು 2023ರಲ್ಲಿ ಇದಕ್ಕೊಂದು ಪರಿಹಾರ ತೋರಿತು. ಕೋಶ ತಾನಾಗಿ ಮಿಡಿಯಲು ಕಾರಣವಾದ ಮೂರು ಅಯಾನ್ ದಾರಿಗಳ ಜೀನ್‌ಗಳನ್ನು ತೆಗೆದು, ಕೋಶವನ್ನು ಶಾಂತವಾಗಿಡುವ ಒಂದನ್ನು ಸೇರಿಸಿದರು. ಹಂದಿಗಳ ಹೃದಯದಲ್ಲಿ ಆ ಕೋಶಗಳು ಬೆಳೆದವು, ಲಯ ಕೆಡಿಸಲಿಲ್ಲ, ಹೇಳಿದಾಗ ಮಿಡಿದವು. ಬಲಿತ ಹೃದಯಕೋಶ ತಾನಾಗಿ ಮಾಡಿಕೊಳ್ಳುವ ಬದಲಾವಣೆಯನ್ನೇ ಅವರು ಮುಂಚಿತವಾಗಿ ಮಾಡಿದ್ದರು.

8. ತೇಪೆ ಹಾಕುವವರಿಂದಲೂ ಕಲಿಯಿರಿ

ಸೂಜಿಯಿಂದ ಚುಚ್ಚಿದ ಕೋಶಗಳಲ್ಲಿ ಬಹುಪಾಲು ಕೆಲವು ದಿನಗಳಲ್ಲೇ ಕೊಚ್ಚಿಹೋಗುತ್ತವೆ ಇಲ್ಲವೇ ಸಾಯುತ್ತವೆ. ಅದಕ್ಕೇ ಕೆಲವರು ಕೋಶಗಳನ್ನು ಹಾಳೆಯಾಗಿ, ಪಟ್ಟಿಯಾಗಿ ಬೆಳೆಸಿ ಹೃದಯದ ಮೇಲೆ ಹೊಲಿಯುತ್ತಾರೆ. ಪ್ಯಾರಿಸ್‌ನ ಫಿಲಿಪ್ ಮೆನಾಶೆ ಭ್ರೂಣಮೂಲದ ಪೂರ್ವಕೋಶಗಳ ತೇಪೆಯನ್ನು 2014ರಲ್ಲಿ ಮೊದಲು ಮನುಷ್ಯರಲ್ಲಿ ಇಟ್ಟರು. 2018ರಲ್ಲಿ ಆರು ಮಂದಿಯ ವರದಿ ಬಂತು, ಗಡ್ಡೆಗಳು ಕಾಣಲಿಲ್ಲ. ಒಸಾಕಾದ ಯೋಶಿಕಿ ಸಾವಾ ತಂಡ 2020ರ ಜನವರಿಯಲ್ಲಿ ಐಪಿಎಸ್ ಹಾಳೆಯನ್ನು ಇಟ್ಟಿತು.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಜರ್ಮನಿಯ ಗಾಟಿಂಗೆನ್ ಗುಂಪಿನ ಕೆಲಸ. ವೊಲ್ಫ್‌ರಾಮ್ ಝಿಮ್ಮರ್‌ಮನ್ ಅವರು ಸ್ನಾಯುಕೋಶಗಳ ಜೊತೆ ನಾರುಕೋಶಗಳನ್ನೂ ಸೇರಿಸಿ ಕೊಲಾಜನ್‌ನಲ್ಲಿ ಬೆಳೆಸುತ್ತಾರೆ. ಮೊದಲ ಪಾಠದಲ್ಲಿ ಹೇಳಿದ ನೆರೆಹೊರೆ ಅಲ್ಲಿದೆ. ಮೊದಲು ಕೋತಿಗಳಲ್ಲಿ ನೋಡಿದರು, ಲಯ ಕೆಡಲಿಲ್ಲ. ಆಮೇಲೆ ಹೃದಯ ಸೋತಿದ್ದ 46 ವರ್ಷದ ಮಹಿಳೆಯೊಬ್ಬರಿಗೆ ತೇಪೆ ಇಟ್ಟರು. ಮೂರು ತಿಂಗಳ ನಂತರ ಅವರಿಗೆ ದಾನಿಯ ಹೃದಯ ಸಿಕ್ಕಿ ಕಸಿಯಾಯಿತು. ತೆಗೆದ ಹಳೆಯ ಹೃದಯವನ್ನು ಪರೀಕ್ಷಿಸಿದಾಗ ತೇಪೆಯ ಸ್ನಾಯು ಬದುಕಿತ್ತು, ಅದರೊಳಗೆ ರಕ್ತನಾಳಗಳಿದ್ದವು. 2025ರ ಜನವರಿಯಲ್ಲಿ ನೇಚರ್‌ನಲ್ಲಿ ಪ್ರಕಟವಾದ ಈ ವರದಿ ಒಬ್ಬರದ್ದು. ಬೇರೊಬ್ಬರ ಕೋಶವಾದ್ದರಿಂದ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ ತಿನ್ನುತ್ತಲೇ ಇರಬೇಕು. ಆದರೂ ಹೊಸ ಸ್ನಾಯು ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಇಲ್ಲಿ ನೇರ ಉತ್ತರವಿದೆ. ಅದು ನನಗೆ ಮುಖ್ಯ.

9. ಇವತ್ತಿಗೆ ಹೃದಯಕೋಶದ ದೊಡ್ಡ ಉಪಕಾರ ಡಿಶ್‌ನಲ್ಲೇ ಇದೆ

ಬಡಿತದ ಲಯ ಕೆಡುವ ಲಾಂಗ್ ಕ್ಯೂಟಿ ರೋಗಿಗಳ ಐಪಿಎಸ್ ಕೋಶಗಳಿಂದ 2010ರಲ್ಲಿ ಹೃದಯಕೋಶ ಬೆಳೆಸಿದಾಗ ಅವರ ಇಸಿಜಿಯಲ್ಲಿದ್ದ ದೋಷವೇ ಕೋಶದಲ್ಲೂ ಕಂಡಿತು. ಡಾಕ್ಸೊರುಬಿಸಿನ್ ಎಂಬ ಕ್ಯಾನ್ಸರ್ ಔಷಧಿ ಕೆಲವರ ಹೃದಯವನ್ನು ಮಾತ್ರ ಕೆಡಿಸುತ್ತದೆ. ಸ್ತನ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಹೃದಯ ಕೆಟ್ಟವರ ಕೋಶಗಳು ಡಿಶ್‌ನಲ್ಲೂ ಆ ಔಷಧಿಗೆ ಬೇಗ ಸೋತವು ಎಂದು 2016ರಲ್ಲಿ ಗೊತ್ತಾಯಿತು. ಔಷಧಿ ಕೊಡುವ ಮೊದಲೇ ಯಾರ ಹೃದಯ ತಡೆಯಲಾರದು ಎಂದು ತಿಳಿಯುವ ದಾರಿ ಇದು.

ನಮಗೆ ಇನ್ನೂ ಹತ್ತಿರದ ವಿಷಯವೊಂದಿದೆ. ಎಂವೈಬಿಪಿಸಿ-3 ಎಂಬ ಜೀನ್‌ನಲ್ಲಿ 25 ಅಕ್ಷರಗಳು ಬಿಟ್ಟುಹೋದ ಒಂದು ರೂಪ ದಕ್ಷಿಣ ಏಷ್ಯಾದವರಲ್ಲಿ ಸುಮಾರು ಶೇ 4 ಮಂದಿಯಲ್ಲಿದೆ ಎಂದು 2009ರ ಅಧ್ಯಯನ ತೋರಿಸಿತು. ಹೃದಯದ ಸ್ನಾಯು ರೋಗಕ್ಕೂ ಅದಕ್ಕೂ ನಂಟಿದೆ. ಆದರೆ ಅದನ್ನು ಹೊತ್ತವರೆಲ್ಲ ರೋಗಿಗಳಾಗುವುದಿಲ್ಲ. ಅದೇ ಜೀನ್‌ನ ಅದೇ ಪ್ರತಿಯಲ್ಲಿ ಇನ್ನೊಂದು ಅಕ್ಷರವೂ ಬದಲಾಗಿರುವವರಲ್ಲಿ ತೊಂದರೆ ಹೆಚ್ಚು ಎಂದು 2018ರಲ್ಲಿ ಕಂಡುಬಂತು. ಅದನ್ನು ಪರಿಶೀಲಿಸಿದವರ ಸಾಧನಗಳಲ್ಲಿ ಐಪಿಎಸ್ ಹೃದಯಕೋಶಗಳೂ ಇದ್ದವು. ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರುವ ಇನ್‌ಸ್ಟೆಮ್ ಸಂಸ್ಥೆಯಲ್ಲೂ ಹೃದಯಸ್ನಾಯು ರೋಗಗಳ ಮೇಲೆ ಕೆಲಸ ನಡೆದಿದೆ. ಜಗತ್ತಿನ ಐಪಿಎಸ್ ಕೋಶಸಂಗ್ರಹಗಳಲ್ಲಿ ಯುರೋಪ್ ಮೂಲದವರ ಕೋಶಗಳೇ ಹೆಚ್ಚು. ನಮ್ಮ ಜನರ ಹೃದಯದ ಪ್ರಶ್ನೆಗೆ ನಮ್ಮ ಜನರ ಕೋಶಗಳೇ ಬೇಕು. ರಕ್ತ ಕೊಡಿ ಎಂದು ಒಂದು ಕುಟುಂಬವನ್ನು ಕೇಳುವಾಗ ಅದು ಯಾವುದಕ್ಕೆ, ಅದರಿಂದ ಅವರಿಗೆ ತಕ್ಷಣ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ಅವರ ಮಾತಿನಲ್ಲೇ ಹೇಳಬೇಕು. ಒಪ್ಪಿಗೆ ಪತ್ರದ ಕನ್ನಡ ಓದಿದರೆ ತಿಳಿಯುವಂತಿರಬೇಕು. ಇದಕ್ಕೆ ನಾನು ಕೋಶ ಬೆಳೆಸುವಷ್ಟೇ ಹೊತ್ತು ಕೊಡುತ್ತೇನೆ.

10. ಫೋನ್ ಬಂದಾಗ ಏನು ಹೇಳಬೇಕು

“ಅಕ್ಕಾ, ಮಾವನಿಗೆ ಇಎಫ್ 25 ಅಂತೆ. ಒಂದು ಕಡೆ ಸ್ಟೆಮ್ ಸೆಲ್ ಹಾಕಿದ್ರೆ ಹೃದಯ ಹೊಸದಾಗುತ್ತೆ ಅಂತ ಹೇಳಿದ್ದಾರೆ. ತೋಟದಲ್ಲಿ ಅರ್ಧ ಎಕರೆ ಮಾರೋಣವಾ ಅಂತ ಯೋಚನೆ.” ಇಂಥ ಫೋನ್ ನೆಂಟರಿಂದಲೂ ಬರುತ್ತದೆ, ಗುರುತಿಲ್ಲದವರಿಂದಲೂ ಬರುತ್ತದೆ.

“ಮಾರಬೇಡಪ್ಪ” ಎಂದೇ ಶುರುಮಾಡುತ್ತೇನೆ. 2017ರ ರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಐಸಿಎಂಆರ್ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ ಸ್ಪಷ್ಟವಾಗಿ ಹೇಳಿವೆ: ಚಿಕಿತ್ಸೆಯಾಗಿ ಒಪ್ಪಿಗೆಯಿರುವುದು ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಮಜ್ಜೆಯ ಕಸಿಯಂಥದ್ದಕ್ಕೆ ಮಾತ್ರ. ಉಳಿದದ್ದೆಲ್ಲ ಅನುಮತಿ ಪಡೆದ ಪ್ರಯೋಗದೊಳಗೇ ನಡೆಯಬೇಕು, ಅದಕ್ಕೆ ರೋಗಿಯಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ. ಆದ್ದರಿಂದ ಅಲ್ಲಿ ಕೇಳಬೇಕಾದ್ದು: ಇದು ಪ್ರಯೋಗವೇ? ಸಿಟಿಆರ್‌ಐ ಎಂಬ ಪ್ರಯೋಗಗಳ ಪಟ್ಟಿಯಲ್ಲಿ ಅದರ ನೋಂದಣಿ ಸಂಖ್ಯೆ ಎಷ್ಟು? ನೈತಿಕ ಸಮಿತಿ ಒಪ್ಪಿದ ಪತ್ರ ಎಲ್ಲಿ? ಯಾವ ಕೋಶ, ಯಾರ ಮೈಯಿಂದ ತೆಗೆದದ್ದು? ಸಂಖ್ಯೆ ಕೊಟ್ಟರೆ ಸಿಟಿಆರ್‌ಐ ಜಾಲತಾಣದಲ್ಲಿ ಯಾರು ಬೇಕಾದರೂ ತೆರೆದು ನೋಡಬಹುದು. ಸಂಖ್ಯೆಯ ಬದಲು ಪ್ಯಾಕೇಜಿನ ದರ ಹೇಳಿದರೆ ಎದ್ದು ಬನ್ನಿ. ಬಸಿರಿಯರ ಮನೆಯವರು ಹೊಕ್ಕುಳಬಳ್ಳಿಯ ರಕ್ತ ಕಾಪಿಡೋಣವೇ, ಮುಂದೆ ಹೃದಯಕ್ಕೆ ಬಂದೀತು ಎನ್ನುತ್ತಾರೆ. ಆ ರಕ್ತದ ಆಕರಕೋಶ ರಕ್ತವನ್ನು ಮಾಡುತ್ತದೆ, ಹೃದಯದ ಸ್ನಾಯುವನ್ನಲ್ಲ.

ಇಷ್ಟಾದ ಮೇಲೆ ಮಾವನ ಮಾತ್ರೆಗಳ ಪಟ್ಟಿಯ ಫೋಟೊ ಕಳಿಸಲು ಹೇಳುತ್ತೇನೆ. ನಾನು ವೈದ್ಯಳಲ್ಲ, ಔಷಧಿ ಬದಲಿಸುವುದಿಲ್ಲ. ಆದರೆ ಇಎಫ್ ಇಳಿದವರ ಆಯಸ್ಸನ್ನು ದೊಡ್ಡ ಪ್ರಯೋಗಗಳಲ್ಲಿ ಹೆಚ್ಚಿಸಿ ತೋರಿಸಿದ ಔಷಧಿಗಳ ಗುಂಪು ನಾಲ್ಕಿವೆ: ಬೀಟಾ ಬ್ಲಾಕರ್, ಎಸಿಇ ತಡೆ ಮಾತ್ರೆ ಅಥವಾ ಅದರ ಬದಲಿಗೆ ಬಂದ ಸ್ಯಾಕ್ಯುಬಿಟ್ರಿಲ್ ಜೋಡಿ, ಸ್ಪೈರೊನೊಲ್ಯಾಕ್ಟೋನ್ ಬಗೆಯದ್ದು, ಡಪಾಗ್ಲಿಫ್ಲೋಜಿನ್ ಬಗೆಯದ್ದು. ನಾಲ್ಕರಲ್ಲಿ ಯಾವುದಿಲ್ಲ, ಏಕಿಲ್ಲ, ಪ್ರಮಾಣ ಹೆಚ್ಚಿಸಬಹುದೇ, ಪೇಸ್‌ಮೇಕರ್‌ನಂಥ ಸಾಧನ ಬೇಕಾದೀತೇ ಎಂದು ಹೃದ್ರೋಗ ತಜ್ಞರನ್ನು ಕೇಳಿ ಬರೆದುಕೊಂಡು ಬನ್ನಿ ಎನ್ನುತ್ತೇನೆ. ಮಾವನಿಗೆ ಬಂದದ್ದು ವಂಶದ ಸ್ನಾಯುರೋಗವಾಗಿದ್ದರೆ ಅವರ ಅಣ್ಣತಮ್ಮಂದಿರಿಗೂ ಅಕ್ಕತಂಗಿಯರಿಗೂ ಮಕ್ಕಳಿಗೂ ಒಂದು ಎಕೊ ಆಗಬೇಕು. ಅದನ್ನು ಮಾತ್ರ ಆ ವಾರವೇ ಮಾಡಿಸಿ ಎಂದು ಒತ್ತಾಯ ಮಾಡುತ್ತೇನೆ.